ಸೈತಾನ ಮಾತಿಗೆ ತಪ್ಪುವುದಿಲ್ಲ: ದುರಾಸೆಯ ಹಳೆ ಕಥೆಗಳ ಒಳಗುಟ್ಟು

ಬಂಗಾರದ ಕಡಗ ಹಿಡಿದು ಕೂತ ಮುದಿ ಹುಲಿಯ ಕಥೆ ನಮಗೆಲ್ಲ ಗೊತ್ತು. "ನಾನೀಗ ಮಾಂಸ ಬಿಟ್ಟಿದ್ದೇನೆ, ದಾನಧರ್ಮ ಮಾಡುತ್ತಿದ್ದೇನೆ, ಬಾ, ಸ್ನಾನ ಮಾಡಿ ಈ ಕಡಗ ತಗೋ" ಎನ್ನುತ್ತದೆ ಹುಲಿ. ದಾರಿಹೋಕ ಕೆರೆಗಿಳಿಯುತ್ತಾನೆ, ಕೆಸರಲ್ಲಿ ಹೂತುಹೋಗುತ್ತಾನೆ, ಹುಲಿಗೆ ಊಟವಾಗುತ್ತಾನೆ. ಹಿತೋಪದೇಶದ ಕಥೆ ಇದು. ಕೇಳಿದ ಮಕ್ಕಳಿಗೆ ಕೊನೆಗೆ ಒಂದು ಮಾತು ಹೇಳಿಕೊಡುತ್ತೇವೆ: ಅತಿ ಆಸೆ ಗತಿಗೇಡು.

ಆದರೆ ಸ್ವಲ್ಪ ಯೋಚಿಸಿ ನೋಡಿ. ಇದು ಮೋಸದ ಕಥೆ, ಅಲ್ವಾ? ಹುಲಿ ಸುಳ್ಳು ಹೇಳಿತು, ದಾರಿಹೋಕ ನಂಬಿದ. ಓದಿದವರು "ನಾನಾಗಿದ್ದರೆ ಹತ್ತಿರ ಕೂಡ ಹೋಗುತ್ತಿರಲಿಲ್ಲ" ಅಂದುಕೊಂಡು ನಿರಾಳವಾಗಿ ಪುಟ ತಿರುಗಿಸಬಹುದು.

ದುರಾಸೆಯ ಬಗ್ಗೆ ಬಂದ ಶ್ರೇಷ್ಠ ಸಣ್ಣ ಕಥೆಗಳು ಈ ನಿರಾಳ ಕೊಡುವುದಿಲ್ಲ. ಅವುಗಳಲ್ಲಿ ಆಮಿಷ ಒಡ್ಡುವವನು ಹೆಚ್ಚಾಗಿ ಸುಳ್ಳು ಹೇಳುವುದೇ ಇಲ್ಲ. ಷರತ್ತು ಏನು, ಅಪಾಯ ಏನು, ಎಲ್ಲವನ್ನೂ ಮೊದಲೇ ಹೇಳಿಬಿಡುತ್ತಾನೆ. ಕೊಡುತ್ತೇನೆ ಅಂದದ್ದನ್ನು ಕೊಡುತ್ತಾನೆ ಕೂಡ. ಹಾಳಾಗುವವನು ಹಾಳಾಗುವುದು ತನ್ನದೇ ಲೆಕ್ಕದಿಂದ. ಆ ಲೆಕ್ಕ ಓದುವಾಗ ನಮಗೂ ಸರಿಯಾಗಿಯೇ ಕಾಣುತ್ತದೆ. ಕಥೆಯ ಶಕ್ತಿ ಇರುವುದು ಅಲ್ಲಿ.

ಇದಕ್ಕೆ ಟಾಲ್‌ಸ್ಟಾಯ್‌ಗಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ. 1886ರಲ್ಲಿ ಬಂದ 'ಒಬ್ಬ ಮನುಷ್ಯನಿಗೆ ಎಷ್ಟು ಜಮೀನು ಬೇಕು?' ಎಂಬ ಕಥೆಯ ನಾಯಕ ಪಾಹೋಮ್ ಒಬ್ಬ ಸಾಧಾರಣ ರೈತ. ಪಟ್ಟಣದಿಂದ ಬಂದ ಅಕ್ಕ ಮತ್ತು ಹಳ್ಳಿಯ ತಂಗಿ ಯಾರ ಬಾಳು ಚೆನ್ನ ಎಂದು ವಾದ ಮಾಡುತ್ತಿರುತ್ತಾರೆ. ತಂಗಿಯ ಗಂಡ ಪಾಹೋಮ್ ಒಲೆಯ ಮೇಲೆ ಮಲಗಿ ಕೇಳಿಸಿಕೊಳ್ಳುತ್ತಿರುತ್ತಾನೆ. ರಷ್ಯಾದ ಹಳ್ಳಿಮನೆಯ ಒಲೆ ಅಷ್ಟು ದೊಡ್ಡದು, ಚಳಿಗೆ ಅದರ ಮೇಲೆಯೇ ಮಲಗುತ್ತಾರೆ. ಅವನಿಗೆ ಅನ್ನಿಸುತ್ತದೆ: ನಮಗಿರುವ ಕೊರತೆ ಒಂದೇ, ಜಮೀನು ಸಾಲದು, ಬೇಕಾದಷ್ಟು ಜಮೀನಿದ್ದರೆ ಸೈತಾನನಿಗೂ ಹೆದರುತ್ತಿರಲಿಲ್ಲ. ಒಲೆಯ ಹಿಂದೆ ಸೈತಾನ ಕೂತಿರುತ್ತಾನೆ. ಸರಿ, ಬೇಕಾದಷ್ಟು ಜಮೀನು ಕೊಡೋಣ, ಅದರಿಂದಲೇ ಇವನನ್ನು ಹಿಡಿಯೋಣ ಎಂದು ಅಲ್ಲೇ ತೀರ್ಮಾನ ಮಾಡುತ್ತಾನೆ.

ಇಷ್ಟಾದ ಮೇಲೆ ಪಾಹೋಮ್ ಏನು ಬಯಸುತ್ತಾನೆ ನೋಡಿ. ಅವನ ದನಗಳು ಆಗಾಗ ಪಕ್ಕದ ಜಮೀನುದಾರ ಹೆಂಗಸಿನ ಹೊಲಕ್ಕೆ ನುಗ್ಗುತ್ತವೆ. ಅವಳ ಮೇಲ್ವಿಚಾರಕ ದಂಡ ಹಾಕುತ್ತಾನೆ. ದಂಡ ಕಟ್ಟಿ ಕಟ್ಟಿ ಪಾಹೋಮ್‌ಗೆ ಸಾಕಾಗುತ್ತದೆ. ಆ ಹೆಂಗಸು ಜಮೀನು ಮಾರುತ್ತಾಳೆಂಬ ಸುದ್ದಿ ಬಂದಾಗ, ಒಂದು ಕುದುರೆ ಮರಿ ಮಾರಿ, ಅರ್ಧದಷ್ಟು ಜೇನುಹುಳು ಮಾರಿ, ಮಗನನ್ನು ಕೂಲಿಗೆ ಕಳಿಸಿ, ಭಾವಮೈದುನನ ಹತ್ತಿರ ಸಾಲ ಮಾಡಿ ಒಂದಿಷ್ಟು ಕೊಳ್ಳುತ್ತಾನೆ. ಇಂಗ್ಲಿಷ್ ಅನುವಾದದ ಲೆಕ್ಕದಲ್ಲಿ 40 ಎಕರೆ. ಇದರಲ್ಲಿ ದುರಾಸೆ ಎಲ್ಲಿದೆ? ನಮ್ಮ ಕಡೆಯ ಯಾವ ರೈತನೂ ಹೀಗೇ ಮಾಡುತ್ತಾನೆ. ರಷ್ಯಾದಲ್ಲಿ ಜೀತ ರದ್ದಾದದ್ದು 1861ರಲ್ಲಿ. ಆಮೇಲೂ ರೈತರಿಗೆ ಸಾಲುವಷ್ಟು ಭೂಮಿ ಸಿಗಲಿಲ್ಲ. ಪಾಹೋಮ್‌ನ ಹಸಿವು ಒಂದು ಇಡೀ ಪೀಳಿಗೆಯ ಹಸಿವು.

ಟಾಲ್‌ಸ್ಟಾಯ್ ಮೊದಲ ಸೂಚನೆಯನ್ನು ತೀರಾ ಸಣ್ಣ ದನಿಯಲ್ಲಿ ಕೊಡುತ್ತಾನೆ. ಸ್ವಂತ ಜಮೀನಾದ ಮೇಲೆ ನೆರೆಯವರ ದನಗಳು ಪಾಹೋಮ್‌ನ ಹೊಲಕ್ಕೆ ನುಗ್ಗುತ್ತವೆ. ಮೊದಲು ಸುಮ್ನಿರುತ್ತಾನೆ. ಆಮೇಲೆ ಅವನೂ ದಂಡ ಹಾಕಿಸಲು ಶುರುಮಾಡುತ್ತಾನೆ. ನಿನ್ನೆ ಯಾವ ಕಷ್ಟ ತಪ್ಪಿಸಿಕೊಳ್ಳಲು ಜಮೀನು ಕೊಂಡನೋ ಅದೇ ಕಷ್ಟವನ್ನು ಇವತ್ತು ಪಕ್ಕದವನಿಗೆ ಕೊಡುತ್ತಾನೆ. ಲೇಖಕ ಇದರ ಮೇಲೆ ಒಂದು ಟೀಕೆಯನ್ನೂ ಮಾಡದೆ ಮುಂದೆ ಹೋಗುತ್ತಾನೆ. ನನಗೆ ಇಡೀ ಕಥೆಯಲ್ಲಿ ಹೆಚ್ಚು ಚುಚ್ಚುವ ಜಾಗ ಇದು, ಎಲ್ಲರೂ ನೆನಪಿಡುವ ಆ ಕೊನೆಗಿಂತ ಜಾಸ್ತಿ.

ಆಮೇಲೆ ವೋಲ್ಗಾ ನದಿಯಾಚೆ ಜಮೀನು ಚೆನ್ನಾಗಿದೆ ಎಂದು ದಾರಿಹೋಕ ರೈತನೊಬ್ಬ ಹೇಳುತ್ತಾನೆ. ನಿಜವನ್ನೇ ಹೇಳುತ್ತಾನೆ. ಪಾಹೋಮ್ ಹೋಗುತ್ತಾನೆ, 125 ಎಕರೆ ಸಿಗುತ್ತದೆ, ಬಾಳು ಮೊದಲಿಗಿಂತ ಚೆನ್ನಾಗುತ್ತದೆ. ಅಲ್ಲಿ 1,300 ಎಕರೆಯನ್ನು 1,500 ರೂಬಲ್‌ಗೆ ಕೊಳ್ಳುವ ಮಾತುಕತೆ ಮುಗಿಯುತ್ತಾ ಬಂದಾಗ ಒಬ್ಬ ವ್ಯಾಪಾರಿ ಬರುತ್ತಾನೆ. ದೂರದ ಬಷ್ಕೀರರೆಂಬ ದನಗಾಹಿ ಜನರ ನಾಡಿನಲ್ಲಿ 13,000 ಎಕರೆಯನ್ನು ಬರೀ 1,000 ರೂಬಲ್‌ಗೆ ಕೊಂಡೆ ಎನ್ನುತ್ತಾನೆ. ಈಗ 1,500 ಕೊಟ್ಟು 1,300 ಎಕರೆ ಯಾರಿಗೆ ಬೇಕು? ಪಾಹೋಮ್‌ನ ಲೆಕ್ಕ ತಪ್ಪಿಲ್ಲ. ಪ್ರತಿ ಸಲವೂ ಅವನ ಲೆಕ್ಕ ಸರಿಯೇ ಇರುತ್ತದೆ.

ಬಷ್ಕೀರರು ಅತಿಥಿಯನ್ನು ನಗುನಗುತ್ತ ಕೂರಿಸಿ ಕುಮಿಸ್ ಕುಡಿಸುತ್ತಾರೆ. ಕುದುರೆ ಹಾಲನ್ನು ಹುಳಿ ಬರಿಸಿ ಮಾಡುವ ಪಾನೀಯ ಅದು. ಜಮೀನಿನ ಬೆಲೆ ಕೇಳಿದರೆ, ದಿನಕ್ಕೆ 1,000 ರೂಬಲ್ ಎನ್ನುತ್ತಾರೆ. ಬೆಳಿಗ್ಗೆ ಹೊರಟು ಒಂದು ದಿನದಲ್ಲಿ ಎಷ್ಟು ಸುತ್ತಿ ಬರುತ್ತೀಯೋ ಅಷ್ಟೂ ನಿನ್ನದು. ಸೂರ್ಯ ಮುಳುಗುವ ಮೊದಲು ಹೊರಟ ಜಾಗಕ್ಕೆ ಬರದಿದ್ದರೆ ಹಣ ಹೋಯಿತು. ಇದಕ್ಕಿಂತ ಸ್ಪಷ್ಟವಾದ ಕರಾರು ಬೇಕೇ? ಹಿಂದಿನ ರಾತ್ರಿ ಕನಸಿನಲ್ಲಿ ಪಾಹೋಮ್‌ಗೆ ಎಚ್ಚರಿಕೆಯೂ ಸಿಗುತ್ತದೆ. ಬಷ್ಕೀರರ ಮುಖ್ಯಸ್ಥ ಹೊಟ್ಟೆ ಹಿಡಿದು ನಗುತ್ತಿರುತ್ತಾನೆ. ಹತ್ತಿರ ಹೋದರೆ ಅವನು ಮುಖ್ಯಸ್ಥನಲ್ಲ, ಆ ವ್ಯಾಪಾರಿ. ಮತ್ತೆ ನೋಡಿದರೆ ವೋಲ್ಗಾ ಕಡೆಯ ರೈತ. ಕೊನೆಗೆ ನೋಡಿದರೆ ಕೊಂಬು, ಗೊರಸುಗಳ ಸೈತಾನ. ಅವನ ಮುಂದೆ ಬರಿಗಾಲಲ್ಲಿ ಸತ್ತು ಬಿದ್ದ ಮನುಷ್ಯ, ಪಾಹೋಮ್‌ನೇ.

ಬೆಳಿಗ್ಗೆ ಮುಖ್ಯಸ್ಥ ದಿಬ್ಬದ ಮೇಲೆ ತನ್ನ ನರಿ ಚರ್ಮದ ಟೋಪಿ ಇಡುತ್ತಾನೆ. ಅಲ್ಲಿಂದ ಆರಂಭ, ಅಲ್ಲಿಗೇ ಕೊನೆ. ಪಾಹೋಮ್ ಗುದ್ದಲಿ ಹಿಡಿದು ಹೊರಡುತ್ತಾನೆ. ಅಲ್ಲಲ್ಲಿ ಗುಂಡಿ ತೋಡಿ ಗುರುತು ಮಾಡುತ್ತಾನೆ. ಬಿಸಿಲೇರುತ್ತದೆ, ಬೂಟು ಕಳಚುತ್ತಾನೆ. ಹಿಂತಿರುಗಬೇಕು ಅನ್ನುವಷ್ಟರಲ್ಲಿ ತೇವ ಇರುವ ತಗ್ಗು ಜಾಗವೊಂದು ಕಾಣುತ್ತದೆ. ಇದನ್ನು ಬಿಡುವುದು ಹೇಗೆ, ಅಗಸೆ ಚೆನ್ನಾಗಿ ಬರುತ್ತದಲ್ಲ! ಅದನ್ನೂ ಸುತ್ತುತ್ತಾನೆ.

ಅವನನ್ನು ಕೊಂದದ್ದು ಆ ತಗ್ಗು. ಮಣ್ಣು ನೋಡಿದ ತಕ್ಷಣ ಯಾವ ಬೆಳೆ ಬರುತ್ತದೆ ಎಂದು ಹೇಳಬಲ್ಲ ಒಳ್ಳೆಯ ರೈತ ಪಾಹೋಮ್. ಅವನ ಕಸುಬಿನ ಜ್ಞಾನವೇ ಅವನ ಕಾಲು ಎಳೆಯುತ್ತದೆ. ಹಣದಾಸೆಯ ಮುಕ್ಕನೊಬ್ಬನನ್ನು ಟಾಲ್‌ಸ್ಟಾಯ್ ಇಲ್ಲಿ ಓಡಿಸಿದ್ದರೆ ಕಥೆ ಇಷ್ಟು ಕಾಡುತ್ತಿರಲಿಲ್ಲ.

ಕೊನೆ ಬಹಳ ಜನರಿಗೆ ಗೊತ್ತು. ಕೆಳಗಿನಿಂದ ನೋಡಿದರೆ ಸೂರ್ಯ ಮುಳುಗಿದ್ದಾನೆ, ದಿಬ್ಬದ ಮೇಲಿನವರಿಗೆ ಇನ್ನೂ ಕಾಣುತ್ತಿದ್ದಾನೆ. ಪಾಹೋಮ್ ಓಡಿ ಬಂದು ಟೋಪಿಯ ಮೇಲೆ ಕೈ ಚಾಚಿ ಬೀಳುತ್ತಾನೆ. ಭಲೇ, ಎಷ್ಟೊಂದು ಜಮೀನು ಗೆದ್ದ ಎಂದು ಮುಖ್ಯಸ್ಥ ಮೆಚ್ಚುತ್ತಾನೆ. ಅಷ್ಟರಲ್ಲಿ ಪಾಹೋಮ್‌ನ ಬಾಯಲ್ಲಿ ರಕ್ತ. ಅವನು ಗೆದ್ದ ಎಂಬುದನ್ನು ಗಮನಿಸಿ. ಸೈತಾನ ಮಾತಿಗೆ ತಪ್ಪಲಿಲ್ಲ. ಆಳು ಅಲ್ಲೇ ಆರಡಿ ಗುಂಡಿ ತೋಡಿ ಹೂಳುತ್ತಾನೆ.

ಇಲ್ಲೊಂದು ಮಾತು ಹೇಳಲೇಬೇಕು. ಬಷ್ಕೀರರ ಬಯಲು ಟಾಲ್‌ಸ್ಟಾಯ್‌ಗೆ ಕಲ್ಪನೆಯ ಜಾಗವಲ್ಲ. ಆರೋಗ್ಯಕ್ಕಾಗಿ ಕುಮಿಸ್ ಕುಡಿಯಲು ಅವನು ಸಮಾರಾ ಪ್ರಾಂತ್ಯಕ್ಕೆ ಹೋಗುತ್ತಿದ್ದ, 1871ರಲ್ಲಿ ಆ ಕಡೆ ದೊಡ್ಡ ಜಮೀನನ್ನೂ ಕೊಂಡ. ಬಷ್ಕೀರರ ಭೂಮಿ ಅಗ್ಗದ ಬೆಲೆಗೆ ಹೊರಗಿನವರ ಪಾಲಾಗುತ್ತಿದ್ದ ಕಾಲ ಅದು. ಅಗ್ಗದ ಜಮೀನಿನ ಸೆಳೆತ ಹೇಗಿರುತ್ತದೆ ಎಂದು ಗೊತ್ತಿದ್ದವನೇ ಕಥೆ ಬರೆದದ್ದು. ಪಾಹೋಮ್‌ನನ್ನು ಅವನು ಎಲ್ಲೂ ಗೇಲಿ ಮಾಡದಿರುವುದಕ್ಕೆ ಇದೂ ಕಾರಣವಿರಬಹುದು.

ಹನ್ನೆರಡನೇ ಶತಮಾನದಲ್ಲೇ ಅಲ್ಲಮಪ್ರಭು ಹೇಳಿದ್ದ: ಮಣ್ಣು ಮಾಯೆಯಲ್ಲ, ಮನದ ಮುಂದಣ ಆಸೆಯೇ ಮಾಯೆ. ಪಾಹೋಮ್‌ನ ಕಥೆಗೆ ಈ ಸಾಲು ಹೊಂದುತ್ತದೆ. ಆದರೆ ವಚನ ಮಾಡುವ ಕೆಲಸ ಬೇರೆ, ಕಥೆ ಮಾಡುವ ಕೆಲಸ ಬೇರೆ. ವಚನ ಒಂದೇ ಏಟಿಗೆ ಸತ್ಯ ತೋರಿಸುತ್ತದೆ. ಕಥೆ ನಮ್ಮನ್ನು ಆ ಆಸೆಯ ಹಿಂದೆ ನಾಲ್ಕು ಹೆಜ್ಜೆ ನಡೆಸುತ್ತದೆ. ಯಾವ ಹೆಜ್ಜೆಯಲ್ಲಿ ನಿಲ್ಲಬೇಕಿತ್ತು ಎಂದು ತೋರಿಸುವುದಿಲ್ಲ.

ಇನ್ನು ನಮ್ಮ ನೆಲದ್ದೇ ಒಂದು ಕಥೆ: ಬುದ್ಧನ ಹಿಂದಿನ ಜನ್ಮಗಳನ್ನು ಹೇಳುವ ಪಾಲಿ ಜಾತಕ ಕಥೆಗಳಲ್ಲಿ 48ನೆಯದಾದ ವೇದಬ್ಭ ಜಾತಕ. ಗ್ರಹಗಳು ಕೂಡಿದ ಗಳಿಗೆಯಲ್ಲಿ ಆಕಾಶದಿಂದ ರತ್ನದ ಮಳೆ ಸುರಿಸುವ ಮಂತ್ರ ಒಬ್ಬ ಬ್ರಾಹ್ಮಣನಿಗೆ ಗೊತ್ತು. 500 ಕಳ್ಳರು ಅವನನ್ನು ಹಿಡಿದು, ಹಣ ತರಲು ಶಿಷ್ಯನನ್ನು ಕಳಿಸುತ್ತಾರೆ. ಶಿಷ್ಯನೇ ಬೋಧಿಸತ್ವ, ಅಂದರೆ ಮುಂದೆ ಬುದ್ಧನಾಗುವವನು. ಇವತ್ತು ರಾತ್ರಿ ಆ ಗಳಿಗೆ ಬರುತ್ತದೆ, ಏನೇ ಆದರೂ ಮಂತ್ರ ಹೇಳಬೇಡಿ ಎಂದು ಗುರುವಿಗೆ ಹೇಳಿಯೇ ಹೋಗುತ್ತಾನೆ. ಗುರು ಕೇಳುವುದಿಲ್ಲ. ರತ್ನ ಸುರಿಯುತ್ತದೆ, ಕಳ್ಳರು ಬಿಟ್ಟುಬಿಡುತ್ತಾರೆ. ಅಷ್ಟರಲ್ಲಿ ಇನ್ನೊಂದು 500 ಕಳ್ಳರ ಗುಂಪು ಬರುತ್ತದೆ. ಅವರಿಗೂ ಮಳೆ ಬೇಕು, ಮುಂದಿನ ಗಳಿಗೆಗೆ ಒಂದು ವರ್ಷ ಕಾಯಬೇಕು. ಸಿಟ್ಟಿಗೆದ್ದು ಬ್ರಾಹ್ಮಣನನ್ನು ಕಡಿಯುತ್ತಾರೆ, ಮೊದಲ ಗುಂಪನ್ನು ಬೆನ್ನಟ್ಟಿ ಕೊಲ್ಲುತ್ತಾರೆ, ಆಮೇಲೆ ತಮ್ಮತಮ್ಮಲ್ಲೇ ಇಬ್ಭಾಗವಾಗಿ ಹೊಡೆದಾಡುತ್ತಾರೆ. ಉಳಿದವರು ಇಬ್ಬರು. ಒಬ್ಬ ಕತ್ತಿ ಹಿಡಿದು ಗಂಟು ಕಾಯುತ್ತಾನೆ, ಇನ್ನೊಬ್ಬ ಅನ್ನ ತರಲು ಊರಿಗೆ ಹೋಗುತ್ತಾನೆ. ಬಂದವನನ್ನು ಕಾಯುತ್ತಿದ್ದವನು ಕಡಿಯುತ್ತಾನೆ. ಅನ್ನ ತಿನ್ನುತ್ತಾನೆ. ಅನ್ನದಲ್ಲಿ ವಿಷ.

ಈ ಕೊನೆಯ ದೃಶ್ಯ ದೇಶ ದೇಶ ಸುತ್ತಿ, ಹದಿನಾಲ್ಕನೇ ಶತಮಾನದ ಕೊನೆಗೆ ಇಂಗ್ಲೆಂಡಿನ ಕವಿ ಚಾಸರ್‌ನ, ಯಾತ್ರಿಕರು ದಾರಿಯಲ್ಲಿ ಒಬ್ಬೊಬ್ಬರಾಗಿ ಕಥೆ ಹೇಳುವ 'ಕ್ಯಾಂಟರ್ಬರಿ ಕಥೆಗಳು' ಕೃತಿಯಲ್ಲಿ ಕಾಣಿಸಿಕೊಳ್ಳುತ್ತದೆ. ಅಲ್ಲಿ ಮೂವರು ಕುಡುಕರು. ಊರಲ್ಲಿ ಪ್ಲೇಗು. ಸಾವನ್ನೇ ಹುಡುಕಿ ಕೊಲ್ಲುತ್ತೇವೆ ಎಂದು ಹೊರಡುತ್ತಾರೆ. ದಾರಿಯಲ್ಲಿ ಸಿಕ್ಕ ಮುದುಕನೊಬ್ಬ, ಸಾವು ಬೇಕಾ, ಆ ತೋಪಿನ ಮರದ ಕೆಳಗೆ ಈಗಷ್ಟೇ ಬಿಟ್ಟು ಬಂದೆ ಎನ್ನುತ್ತಾನೆ. ಹೋಗಿ ನೋಡಿದರೆ ಬಂಗಾರದ ನಾಣ್ಯಗಳ ರಾಶಿ. ಅಲ್ಲಿಗೆ ಅವರು ಸಾವನ್ನು ಹುಡುಕುವುದನ್ನು ಬಿಟ್ಟರು ಎಂದು ಒಂದೇ ಸಾಲಿನಲ್ಲಿ ಹೇಳುತ್ತಾನೆ ಚಾಸರ್. ಮುದುಕನ ಮಾತು ಅಕ್ಷರಶಃ ನಿಜವಾಗುತ್ತದೆ. ಊಟ ತರಲು ಹೋದವನನ್ನು ಉಳಿದ ಇಬ್ಬರು ಇರಿಯುತ್ತಾರೆ, ಅವನು ತಂದ ಮದ್ಯ ಕುಡಿದು ಸಾಯುತ್ತಾರೆ.

ಎರಡೂ ಕಡೆ ಒಂದು ಸೂಕ್ಷ್ಮ ಇದೆ. ಇವನು ನನ್ನ ಪಾಲಿಗೆ ಕಣ್ಣು ಹಾಕುತ್ತಾನೆ ಎಂದು ಯಾರಿಗಾದರೂ ಅನುಮಾನ ಬಂದರೆ, ಆ ಅನುಮಾನ ಸರಿಯೇ. ಮೂರ್ಖತನದಿಂದ ಇವರು ಯಾರೂ ಸಾಯಲಿಲ್ಲ. ಪಕ್ಕದವನನ್ನು ತನ್ನಂತೆಯೇ ಎಂದುಕೊಂಡರು, ಅವನು ಹಾಗೇ ಇದ್ದ.

ಚಾಸರ್‌ನ ನಿಜವಾದ ಚಮತ್ಕಾರ ಕಥೆಯ ಹೊರಗಿದೆ. ಇದನ್ನು ಹೇಳುವವನು ಪಾಪಕ್ಷಮೆಯ ಪತ್ರ ಮಾರುವ ಚರ್ಚಿನ ಮನುಷ್ಯ. ಕಥೆಗೆ ಮೊದಲೇ ಒಪ್ಪಿಕೊಂಡುಬಿಡುತ್ತಾನೆ: ನನ್ನ ಉಪದೇಶ ಯಾವಾಗಲೂ ಒಂದೇ, ದುರಾಸೆಯೇ ಎಲ್ಲ ಕೇಡಿಗೆ ಮೂಲ, ನಾನು ಉಪದೇಶ ಮಾಡುವುದು ಮಾತ್ರ ಹಣಕ್ಕಾಗಿ. ಸಂತರ ಅವಶೇಷ ಎಂದು ಚಿಂದಿ ಬಟ್ಟೆ, ಮೂಳೆ ತೋರಿಸಿ ಬಡವರ ಹತ್ತಿರ ಕಾಸು ಕೀಳುತ್ತೇನೆ ಎನ್ನುತ್ತಾನೆ. ಕಥೆ ಮುಗಿದ ತಕ್ಷಣ, ಎಲ್ಲ ಕೇಳಿದ ಯಾತ್ರಿಕರಿಗೇ ಅದೇ ಸರಕು ಮಾರಲು ನೋಡುತ್ತಾನೆ! ಜೊತೆಗಿದ್ದ ಛತ್ರದ ಯಜಮಾನ ರೇಗಿ ಕೆಟ್ಟಕೊಳಕಾಗಿ ಬೈಯುತ್ತಾನೆ. ದುರಾಸೆ ಬೇಡ ಎಂದು ಬೋಧಿಸುತ್ತಾ ಕಾಣಿಕೆ ಡಬ್ಬಿ ಮುಂದಕ್ಕೆ ತಳ್ಳುವವರನ್ನು ನಾವೂ ನೋಡಿದ್ದೇವೆ. ಉಪದೇಶ ಅಷ್ಟು ಚೆನ್ನಾಗಿದ್ದು, ಉಪದೇಶಕ ಇಷ್ಟು ಕೊಳಕಾಗಿದ್ದರೆ ಕಥೆಯ ನೀತಿಗೆ ಬೆಲೆ ಇದೆಯೇ ಇಲ್ಲವೇ? ಆರುನೂರು ವರ್ಷದಿಂದ ಓದುಗರು ಇದನ್ನು ಜಗ್ಗಾಡುತ್ತಲೇ ಇದ್ದಾರೆ.

ಆಸೆ ತೀರಾ ಸಣ್ಣದಿದ್ದರೆ? ಡಬ್ಲ್ಯು. ಡಬ್ಲ್ಯು. ಜೇಕಬ್ಸ್ 1902ರಲ್ಲಿ ಬರೆದ 'ಕೋತಿಯ ಪಂಜ' ಈ ಪ್ರಶ್ನೆ ಎತ್ತುತ್ತದೆ. ಭಾರತದಿಂದ ಮರಳಿದ ಸೈನಿಕನೊಬ್ಬ ವೈಟ್ ಕುಟುಂಬಕ್ಕೆ ಒಣಗಿದ ಪಂಜ ತೋರಿಸುತ್ತಾನೆ. ಫಕೀರನೊಬ್ಬ ಮಂತ್ರ ಹಾಕಿದ್ದಾನಂತೆ, ಮೂರು ಕೋರಿಕೆ ತೀರುತ್ತವಂತೆ. (ಆ ಕಾಲದ ಇಂಗ್ಲಿಷ್ ಕಥೆಗಳಿಗೆ ಮಾಟಮಂತ್ರ ಬೇಕೆಂದರೆ ಭಾರತ ಕೈಗೆ ಸಿಗುವ ಕಪಾಟು. ಇರಲಿ.) ವಿಧಿಯ ಜೊತೆ ಆಟವಾಡಿದರೆ ಅಳಬೇಕಾಗುತ್ತದೆ ಎಂದು ತೋರಿಸಲೆಂದೇ ಆ ಫಕೀರ ಹೀಗೆ ಮಾಡಿದ ಎಂದು ಸೈನಿಕ ಬಿಡಿಸಿ ಹೇಳುತ್ತಾನೆ. ಪಂಜವನ್ನು ಬೆಂಕಿಗೂ ಎಸೆಯುತ್ತಾನೆ. ವೈಟ್ ಎತ್ತಿಕೊಳ್ಳುತ್ತಾನೆ.

ಏನು ಕೇಳುವುದೆಂದು ಅವನಿಗೆ ಹೊಳೆಯುವುದಿಲ್ಲ. ನನಗೆ ಬೇಕಾದ್ದೆಲ್ಲ ಇದೆಯಲ್ಲ ಎನ್ನುತ್ತಾನೆ. ಮನೆ ಸಾಲ ತೀರಿದರೆ ಸಾಕಲ್ಲವೇ, 200 ಪೌಂಡ್ ಕೇಳಿ ಎಂದು ಮಗನೇ ಸಲಹೆ ಕೊಡುತ್ತಾನೆ. ಮರುದಿನ ಮಗ ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ಸಾಯುತ್ತಾನೆ. ಕಂಪನಿ ಪರಿಹಾರ ಕಳಿಸುತ್ತದೆ, ಸರಿಯಾಗಿ 200 ಪೌಂಡ್.

ಮನೆ ಸಾಲ ತೀರಲಿ ಅನ್ನುವುದು ದುರಾಸೆಯೇ? ತಿಂಗಳ ಕಂತು ಕಟ್ಟುವ ಯಾರನ್ನು ಬೇಕಾದರೂ ಕೇಳಿ. ಇದನ್ನು 'ದುರಾಸೆಗೆ ಶಿಕ್ಷೆ' ಎಂದು ಪಾಠ ಮಾಡುವವರ ಮಾತು ನನಗೆ ಒಪ್ಪಿಗೆಯಿಲ್ಲ. ಕೇಳಿದ್ದಕ್ಕೂ ತೆತ್ತದ್ದಕ್ಕೂ ಇಲ್ಲಿ ಒಂದಿಷ್ಟೂ ತಾಳೆಯಿಲ್ಲ. ಅದು ನ್ಯಾಯವಾಗಿಲ್ಲದ್ದರಿಂದಲೇ ಕಥೆ ಹೆದರಿಸುತ್ತದೆ. ವೈಟ್‌ನ ತಪ್ಪು ಎಂದು ಹೇಳುವುದಿದ್ದರೆ ಒಂದೇ: ಬೆಲೆ ಎಷ್ಟು ಎಂದು ಅವನು ಕೇಳಲಿಲ್ಲ.

ಬೆಲೆಯನ್ನು ಮೊದಲೇ ಹೇಳಿದರೂ ಜನ ಕೊಳ್ಳುತ್ತಾರೆ ಎಂದು ತೋರಿಸಿದವನು ಸ್ಟೀವನ್‌ಸನ್. ಅವನ 'ಬಾಟಲಿಯ ಭೂತ' 1891ರದು. ಸಮೋವಾ ದ್ವೀಪದಲ್ಲಿ ನೆಲೆಸಿದ್ದ ಅವನು ಹವಾಯಿಯವರನ್ನೇ ನಾಯಕ, ನಾಯಕಿ ಮಾಡಿ ಬರೆದ ಕಥೆ. ಬಾಟಲಿಯೊಳಗಿನ ಭೂತ ಕೇಳಿದ್ದೆಲ್ಲ ಕೊಡುತ್ತದೆ. ಆದರೆ ಬಾಟಲಿ ಕೈಯಲ್ಲಿರುವಾಗ ಸತ್ತರೆ ನರಕ. ಮಾರಬಹುದು, ಕೊಂಡದ್ದಕ್ಕಿಂತ ಕಡಿಮೆ ಬೆಲೆಗೆ ಮಾತ್ರ, ಅದೂ ನಾಣ್ಯದಲ್ಲಿ. ಒಂದು ಕಾಲಕ್ಕೆ ಕೋಟಿಗಳಲ್ಲಿದ್ದ ಬೆಲೆ ಇಳಿದು ಇಳಿದು, ನಾಯಕ ಕೆಯಾವೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕೊಳ್ಳುವಾಗ 50 ಡಾಲರ್ ಆಗಿರುತ್ತದೆ.

ಲೆಕ್ಕ ಹಾಕಿ ನೋಡಿ. ಒಂದು ಸೆಂಟಿಗೆ ಕೊಂಡವನು ಮಾರಲಾರ, ಹಾಗಾಗಿ ಒಂದು ಸೆಂಟಿಗೆ ಯಾರೂ ಕೊಳ್ಳಬಾರದು. ಅದು ಗೊತ್ತಿರುವವನು ಎರಡು ಸೆಂಟಿಗೂ ಕೊಳ್ಳಬಾರದು. ಹೀಗೇ ಹಿಂದಕ್ಕೆ ಹೋದರೆ ಯಾವ ಬೆಲೆಗೂ ಯಾರೂ ಕೊಳ್ಳಬಾರದು. ಆದರೂ 50 ಡಾಲರ್‌ಗೆ ಎಲ್ಲರೂ ಧೈರ್ಯವಾಗಿ ಕೊಳ್ಳುತ್ತಾರೆ, ಏಕೆಂದರೆ ನನ್ನ ನಂತರ ಇನ್ನೊಬ್ಬ ಸಿಗುತ್ತಾನೆ. ಹಣ ದುಪ್ಪಟ್ಟು ಮಾಡಿಕೊಡುವ ಸರಪಳಿ ಸ್ಕೀಮುಗಳಿಗೆ ಸೇರುವವರ ಧೈರ್ಯವೂ ಇದೇ. ತರ್ಕಶಾಸ್ತ್ರದವರು ಈ ಒಗಟಿಗೆ ಕಥೆಯ ಹೆಸರನ್ನೇ ಇಟ್ಟಿದ್ದಾರೆ.

ಸ್ಟೀವನ್‌ಸನ್ ಅಷ್ಟಕ್ಕೆ ನಿಲ್ಲಿಸುವುದಿಲ್ಲ. ಬಾಟಲಿ ಮಾರಿ ನೆಮ್ಮದಿಯಾಗಿದ್ದ ಕೆಯಾವೆಗೆ ಮದುವೆ ಗೊತ್ತಾದ ಮೇಲೆ ಕುಷ್ಠ ಕಾಣಿಸಿಕೊಳ್ಳುತ್ತದೆ. ವಾಸಿಯಾಗಲು ಅದೇ ಬಾಟಲಿ ಹುಡುಕಿಕೊಂಡು ಹೋಗಿ ಒಂದು ಸೆಂಟಿಗೆ ಕೊಳ್ಳುತ್ತಾನೆ. ಹೆಂಡತಿ ಕೊಕುವಾ ಜಾಣೆ. ಫ್ರೆಂಚರ ಸಾಂಟೀಮ್ ನಾಣ್ಯ ಸೆಂಟಿಗಿಂತ ಚಿಕ್ಕದು ಎಂದು ನೆನಪಿಸಿ ಅವನನ್ನು ಟಹೀಟಿಗೆ ಕರೆದೊಯ್ಯುತ್ತಾಳೆ. ಅಲ್ಲಿ ಅವನಿಗೆ ಗೊತ್ತಾಗದಂತೆ ತಾನೇ ನರಕವನ್ನು ಮೈಮೇಲೆ ಎಳೆದುಕೊಳ್ಳುತ್ತಾಳೆ. ಅವಳನ್ನು ಬಿಡಿಸಲು ಅವನು ಮತ್ತೆ ಹೊರಡುತ್ತಾನೆ. ದುರಾಸೆಯಿಂದ ಕೈಬದಲಾಗುತ್ತಿದ್ದ ವಸ್ತು ಕೊನೆಗೆ ಪ್ರೀತಿಯಿಂದ ಕೈಬದಲಾಗುತ್ತದೆ. ಆಮಿಷದ ಕಥೆಗಳಲ್ಲಿ ಇಂಥ ತಿರುವು ಅಪರೂಪ.

ಮಾರ್ಕ್ ಟ್ವೇನ್ ಈ ಸಾಲಿಗೆ ಸೇರುವುದಿಲ್ಲ. 1899ರ ಅವನ ಕಥೆಯಲ್ಲಿ ಹ್ಯಾಡ್ಲಿಬರ್ಗ್ ಎಂಬ ಊರನ್ನು ಕೆಡಿಸುವ ಅಪರಿಚಿತ ಶುದ್ಧ ಸುಳ್ಳುಗಾರ. ಬಂಗಾರ ಎಂದು ಅವನು ಬಿಟ್ಟುಹೋದ ಚೀಲದಲ್ಲಿದ್ದದ್ದು ಚಿನ್ನದ ನೀರು ಬಳಿದ ಸೀಸದ ಬಿಲ್ಲೆ. ಊರಿನ 19 ಜನ ಗಣ್ಯರೂ, ಆ ಬಂಗಾರಕ್ಕೆ ತಾನೇ ಹಕ್ಕುದಾರ ಎಂದು ಸುಳ್ಳು ಹೇಳಲು ತಯಾರಾಗುತ್ತಾರೆ. ಟ್ವೇನ್‌ನ ಗುರಿ ಬೇರೆ. ನಮ್ಮನ್ನು ಆಮಿಷಕ್ಕೆ ಒಡ್ಡಬೇಡ ಎಂಬುದು ಆ ಊರಿನ ಧ್ಯೇಯವಾಕ್ಯ. ಪರೀಕ್ಷೆಯೇ ಬರೆಯದೆ ಪಾಸಾದವರ ಪ್ರಾಮಾಣಿಕತೆ ಎಷ್ಟು ಗಟ್ಟಿ ಎಂದು ಅವನು ನಕ್ಕು ತೋರಿಸುತ್ತಾನೆ. ಕೊನೆಗೆ ಊರು ಹೆಸರು ಬದಲಿಸಿಕೊಂಡು, ವಾಕ್ಯದಲ್ಲಿನ 'ಬೇಡ'ವನ್ನು ಕಿತ್ತುಹಾಕುತ್ತದೆ: ನಮ್ಮನ್ನು ಆಮಿಷಕ್ಕೆ ಒಡ್ಡು.

ಪಾಹೋಮ್‌ನ ಆರಡಿಗೆ ಜವಾಬು ಕೊಟ್ಟವನು ರಷ್ಯಾದವನೇ ಆದ ಚೆಕಾಫ್. 1898ರ 'ಗೂಸ್‌ಬೆರಿ' ಕಥೆಯಲ್ಲಿ, ಪರಿಚಿತರಿಬ್ಬರಿಗೆ ತನ್ನ ತಮ್ಮನ ಸಂಗತಿ ಹೇಳುತ್ತಾ ಇವಾನ್ ಇವಾನಿಚ್ ನೇರವಾಗಿ ಹೇಳುತ್ತಾನೆ: ಆರಡಿ ಸಾಕಾಗುವುದು ಹೆಣಕ್ಕೆ, ಮನುಷ್ಯನಿಗೆ ಇಡೀ ಭೂಮಂಡಲ ಬೇಕು. ಅವನ ತಮ್ಮ ನಿಕೊಲಾಯ್‌ಗೆ ಒಂದೇ ಕನಸು, ಗೂಸ್‌ಬೆರಿ ಗಿಡಗಳಿರುವ ಒಂದು ತೋಟದಮನೆ. ಅದಕ್ಕಾಗಿ ಹೊಟ್ಟೆ ಬಟ್ಟೆ ಕಟ್ಟಿ ಉಳಿಸುತ್ತಾನೆ. ಹಣವಿದ್ದ ವಿಧವೆಯನ್ನು ಮದುವೆಯಾಗಿ, ಅವಳ ಹಣವನ್ನು ತನ್ನ ಹೆಸರಿಗೆ ಹಾಕಿಕೊಂಡು, ಅವಳನ್ನು ಅರೆಹೊಟ್ಟೆಯಲ್ಲಿಡುತ್ತಾನೆ. ಅವಳು ಸಾಯುತ್ತಾಳೆ. ಅವನಿಗೆ ತೋಟ ಸಿಗುತ್ತದೆ, ಹಣ್ಣೂ ಬಿಡುತ್ತದೆ. ಗಟ್ಟಿಯಾದ ಹುಳಿ ಹಣ್ಣು. ಆಹಾ ಎಷ್ಟು ರುಚಿ ಎಂದು ತಿನ್ನುತ್ತಾನೆ, ರಾತ್ರಿ ಎದ್ದೆದ್ದು ಹೋಗಿ ತಿನ್ನುತ್ತಾನೆ.

ಇಲ್ಲಿ ಸೈತಾನ ಇಲ್ಲ, ಮಂತ್ರ ಇಲ್ಲ, ಗುಂಡಿ ತೋಡುವ ಆಳಿಲ್ಲ. ಎಲ್ಲಕ್ಕಿಂತ ಮುಖ್ಯ, ಶಿಕ್ಷೆಯೂ ಇಲ್ಲ. ಪಾಹೋಮ್‌ಗಿಂತ ಕ್ರೂರನಾದ ಮನುಷ್ಯ ಪಾಹೋಮ್‌ಗೆ ಸಿಗದ ಸುಖದಲ್ಲಿ ದಪ್ಪಗಾಗಿ ಕೂತಿದ್ದಾನೆ. ಇವಾನ್ ಇವಾನಿಚ್‌ಗೆ ಇದು ತಡೆಯಲಾಗುವುದಿಲ್ಲ. ಸುಖವಾಗಿರುವ ಪ್ರತಿಯೊಬ್ಬನ ಬಾಗಿಲ ಹಿಂದೆ ಒಬ್ಬ ಸುತ್ತಿಗೆ ಹಿಡಿದು ನಿಂತು, ಲೋಕದಲ್ಲಿ ದುಃಖವಿದೆ ಎಂದು ಬಡಿದು ನೆನಪಿಸುತ್ತಿರಬೇಕು ಎಂದು ಆವೇಶದಿಂದ ಹೇಳುತ್ತಾನೆ. ಕೇಳಿಸಿಕೊಂಡ ಇಬ್ಬರಿಗೂ ಕಥೆ ರುಚಿಸುವುದಿಲ್ಲ. ಗೂಸ್‌ಬೆರಿ ತಿನ್ನುವ ಬಡ ಗುಮಾಸ್ತನ ಸಂಗತಿ ಯಾರಿಗೆ ಬೇಕು, ಸೊಗಸಾದ ಜನರ, ಹೆಂಗಸರ ವಿಚಾರ ಏನಾದರೂ ಹೇಳಬಾರದಿತ್ತೇ ಎನ್ನಿಸುತ್ತದೆ ಅವರಿಗೆ.